ಬಾಣಂತಿಯ ಪಥ್ಯವೂ ಕೂಸಿನ ಹೃದಯವೂ

ಎರಡು ಮೂರು ತಿಂಗಳ ಕೂಸು. ಎದೆಹಾಲುಂಡು ಚೆನ್ನಾಗಿಯೇ ಬೆಳೆಯುತ್ತಿರುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಹಾಲು ಒಲ್ಲದಾಗುತ್ತದೆ, ವಾಂತಿ ಮಾಡುತ್ತದೆ; ಉಸಿರಾಟ ವೇಗವಾಗಿ ಅಳುವಿನ ದನಿ ಉಡುಗುತ್ತದೆ. ತಕ್ಕ ಚಿಕಿತ್ಸೆ ದೊರೆಯದಿದ್ದರೆ ಸ್ವಲ್ಪ ಕಾಲದಲ್ಲಿಯೇ ಪ್ರಾಣ ಹೋಗುವುದುಂಟು. ಇಂಥ ಸಾವನ್ನು ದೃಷ್ಟಿದೋಷವೆಂದೋ ಬಾಲಗ್ರಹವೆಂದೋ ಕರೆದು ಸುಮ್ಮನಾಗುವ ವಾಡಿಕೆ ನಮ್ಮಲ್ಲುಂಟು.

ಹೆಸರಿಟ್ಟ ಮಾತ್ರಕ್ಕೆ ಕಾರಣ ತಿಳಿದಂತಾಗಲಿಲ್ಲ. ಶವಪರೀಕ್ಷೆಗೂ ಎಟುಕದ ಶಿಶುಮರಣಗಳಿಗೆ ಪಾಶ್ಚಾತ್ಯ ವೈದ್ಯರು 1969ರಲ್ಲಿ ಒಂದು ಪ್ರತ್ಯೇಕ ಹೆಸರು ಕೊಟ್ಟರು. ಅವು ನಿದ್ರೆಯಲ್ಲಿ ಸಂಭವಿಸುವ ಮರಣಗಳು. ಬೋರಲಾಗಿ ಮಲಗಿಸುವುದು ಅಪಾಯಕರವೆಂದು ಕಂಡುಬಂದು, ಅಂಗಾತ ಮಲಗಿಸಿರೆಂಬ ಪ್ರಚಾರ 1994ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಮುಂದಿನ ವರ್ಷಗಳಲ್ಲಿ ಆ ಮರಣಗಳು ಸುಮಾರು ಅರ್ಧಕ್ಕಿಳಿದವು. ಆದರೆ ನಾವು ಮೇಲೆ ಕಂಡ ಕೂಸಿನ ಕಥೆಯೇ ಬೇರೆ.

ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಇಂಥ ಶಿಶುಗಳನ್ನು ಪರೀಕ್ಷಿಸಿ ಬರೆದ ಪ್ರಬಂಧವೊಂದು 2021ರಲ್ಲಿ ಪ್ರಕಟವಾಯಿತು. ಕೂಸುಗಳ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿತ್ತು. ಭೌತಶಾಸ್ತ್ರದ ವಿದ್ಯಾರ್ಥಿಗಳು ಪ್ವಾಸೇಯ ನಿಯಮವನ್ನು ಬಲ್ಲರು: ಕೊಳವೆಯ ತ್ರಿಜ್ಯ ಅರ್ಧವಾದರೆ ಹರಿವಿಗೆ ಬರುವ ತಡೆ 16 ಪಟ್ಟಾಗುತ್ತದೆ. ರಕ್ತನಾಳವೇನೂ ಗಾಜಿನ ಕೊಳವೆಯಲ್ಲ. ಆದರೂ ನಾಳಗಳು ಕೊಂಚ ಬಿಗಿದುಕೊಂಡರೂ ಪುಟ್ಟ ಹೃದಯದ ಬಲಭಾಗ ಎಷ್ಟು ಸೋಲಬೇಕೆಂಬುದನ್ನು ಇದರಿಂದ ಊಹಿಸಬಹುದು.

ಕೊರತೆಯಾಗಿದ್ದುದು ಥಯಾಮಿನ್, ಅಂದರೆ ಬಿ-1 ಜೀವಸತ್ತ್ವ. ಅದಿಲ್ಲದೆ ಜೀವಕೋಶಗಳಲ್ಲಿ ಸಕ್ಕರೆಯ ದಹನ ನಡುದಾರಿಯಲ್ಲಿ ನಿಂತು ಲ್ಯಾಕ್ಟಿಕ್ ಆಮ್ಲ ಶೇಖರವಾಗುತ್ತದೆ. ದೇಹದಲ್ಲಿ ಇದರ ದಾಸ್ತಾನು ಕೆಲವೇ ವಾರಗಳದು. ತಾಯಿಯಲ್ಲಿ ಇಲ್ಲದ್ದು ಹಾಲಿಗೂ ಬಾರದು. ತಾಯಿ ಮಾತ್ರ ಎಷ್ಟೋ ವೇಳೆ ಆರೋಗ್ಯವಾಗಿಯೇ ಕಾಣುತ್ತಾಳೆ!

ಕಾಳು, ತರಕಾರಿಗಳನ್ನು ವರ್ಜಿಸಿ ಬಿಳಿ ಅನ್ನವನ್ನೇ ಉಣ್ಣಿಸುವ ಬಾಣಂತಿಪಥ್ಯವೇ ಇಲ್ಲಿ ಮೂಲ. ಶಿವಮೊಗ್ಗದ ಗೋಪಾಳದ ದಿನಸಿ ಅಂಗಡಿಗೆ ಹೋದರೂ ಗಿರಾಕಿ ಕೇಳುವುದು ಮಲ್ಲಿಗೆಯಂಥ ಅಕ್ಕಿಯನ್ನೇ. ಆ ಬಿಳುಪಿಗಾಗಿ ಗಿರಣಿಯಲ್ಲಿ ಉಜ್ಜಿ ತೆಗೆದ ತೌಡಿನೊಡನೆ ಥಯಾಮಿನ್ನಿನ ಬಹುಭಾಗ ಹೋಗುತ್ತದೆ; ಉಳಿದುದರಲ್ಲಿಯೂ ಒಂದಷ್ಟು ಅಕ್ಕಿ ತೊಳೆದ ನೀರಿನಲ್ಲಿ, ಬಸಿದ ಗಂಜಿಯಲ್ಲಿ ಹರಿದುಹೋಗುತ್ತದೆ. ಜಾವಾ ದ್ವೀಪದಲ್ಲಿ 1890ರ ದಶಕದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯನು ಪಾಲಿಷ್ ಅಕ್ಕಿ ತಿಂದು ಕಾಲುಸೋತ ಕೋಳಿಗಳು ತೌಡುಳ್ಳ ಅಕ್ಕಿಯಿಂದ ಚೇತರಿಸಿಕೊಂಡುದನ್ನು ಕಂಡನು. 1929ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕದ ಪಾಲು ಬಂದಿತು. ಘಟ್ಟದ ಕೆಳಗಿನವರ ಕುಚ್ಚಲಕ್ಕಿ ಈ ದೃಷ್ಟಿಯಿಂದ ಮೇಲು: ಭತ್ತವನ್ನು ಬೇಯಿಸುವಾಗ ಸಿಪ್ಪೆಯ ಬಳಿಯ ಜೀವಸತ್ತ್ವ ಕಾಳಿನೊಳಕ್ಕೆ ಇಳಿದಿರುತ್ತದೆ. ನೋಟಕ್ಕೆ ಮಂಕೆಂದು ಅದನ್ನು ಹಳಿಯುವವರಿದ್ದಾರೆ, ಇರಲಿ.

ರೋಗದ ಸಂಶಯ ಬಂದಲ್ಲಿ ವೈದ್ಯರು ಪ್ರಯೋಗಾಲಯದ ವರದಿಗೆ ಕಾಯದೆ ಥಯಾಮಿನ್ ಚುಚ್ಚುಮದ್ದು ಕೊಡುತ್ತಾರೆ. ಅದು ಅಗ್ಗದ ಔಷಧ. ಸಂಶಯ ನಿಜವಾಗಿದ್ದರೆ ಒಂದೆರಡು ದಿನಗಳಲ್ಲಿಯೇ ಕೂಸು ಚೇತರಿಸಿಕೊಳ್ಳತೊಡಗುತ್ತದೆ. ಆ ಚೇತರಿಕೆಯೇ ರೋಗನಿರ್ಣಯಕ್ಕೆ ಸಾಕ್ಷಿ. ತಾಯಿಗೂ ಥಯಾಮಿನ್ ಮಾತ್ರೆ ಕೊಟ್ಟು, ಪಥ್ಯವನ್ನು ಬಿಡಿಸುತ್ತಾರೆ.