ಸಹಿ ಹಾಕುವವರಿಗೆ ಎಷ್ಟು ಅಧಿಕಾರ?

ನಮ್ಮಲ್ಲಿ ತಾಳಿ ಕಟ್ಟಿ, ಬೀಗರ ಊಟವೂ ಮುಗಿದ ಮೇಲೆ ಬಿಡುವಾದಾಗ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋದರೂ ನಡೆಯುತ್ತದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಹಾಗಲ್ಲ. ಅಲ್ಲಿ ಮೊದಲು ಕೌಂಟಿ ಕಚೇರಿಯಲ್ಲಿ ಶುಲ್ಕ ಕಟ್ಟಿ ಮದುವೆ ಲೈಸೆನ್ಸ್ ಪಡೆಯಬೇಕು. ಪಾದ್ರಿಯೋ ನ್ಯಾಯಾಧೀಶರೋ ಮದುವೆ ಮಾಡಿಸಿ ಸಹಿ ಹಾಕಿದ ಮೇಲೆ ಆ ಕಾಗದ ಮತ್ತೆ ಕೌಂಟಿಗೆ ಹೋಗಿ ದಾಖಲಾಗುತ್ತದೆ. ಕಾನೂನು ಮಾಡುವುದು ರಾಜ್ಯ, ಕಾಗದ ಕೊಡುವುದು ಕೌಂಟಿ. ಕಾನೂನೇ ಅನ್ಯಾಯದ್ದು ಎಂದು ಕಾಗದ ಕೊಡುವವರಿಗೆ ಅನಿಸಿದರೆ?

2004ರ ಫೆಬ್ರವರಿ 12ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರ ಸಲಿಂಗ ಜೋಡಿಗಳಿಗೆ ಲೈಸೆನ್ಸ್ ಕೊಡತೊಡಗಿತು. ಮದುವೆ ಗಂಡು ಹೆಣ್ಣಿನ ನಡುವೆ ಮಾತ್ರ ಎನ್ನುತ್ತಿತ್ತು ಕ್ಯಾಲಿಫೋರ್ನಿಯಾ ಕಾನೂನು. ರಾಜ್ಯದ ಸಂವಿಧಾನ ಸಮಾನತೆ ಕೊಟ್ಟಿದೆ, ನನ್ನ ಪ್ರಮಾಣವಚನ ಅದಕ್ಕೆ ಎಂಬುದು ಮೇಯರ್ ಗ್ಯಾವಿನ್ ನ್ಯೂಸಮ್ ವಾದ. ಅರ್ಜಿಯಲ್ಲಿದ್ದ ವಧು, ವರ ಎಂಬ ಪದಗಳು ಹೋಗಿ ‘ಮೊದಲ ಅರ್ಜಿದಾರ’, ‘ಎರಡನೇ ಅರ್ಜಿದಾರ’ ಬಂದವು. ಮೊದಲು ಮದುವೆಯಾದವರು ಅರ್ಧ ಶತಮಾನ ಜೊತೆಗೆ ಬಾಳಿದ್ದ ಡೆಲ್ ಮಾರ್ಟಿನ್ ಮತ್ತು ಫಿಲಿಸ್ ಲಿಯಾನ್. ಮಾರ್ಚ್ 11ರಂದು ರಾಜ್ಯದ ಸುಪ್ರೀಂ ಕೋರ್ಟ್ ತಡೆಯುವ ಹೊತ್ತಿಗೆ ಸುಮಾರು 4,000 ಜೋಡಿಗಳಾಗಿದ್ದವು.

ಆಗಸ್ಟ್ 12ರಂದು ತೀರ್ಪು ಬಂತು. ಸಲಿಂಗ ವಿವಾಹ ಸರಿಯೋ ತಪ್ಪೋ ಎಂಬುದನ್ನು ಕೋರ್ಟು ಮುಟ್ಟಲೇ ಇಲ್ಲ. ಲೈಸೆನ್ಸ್ ಕೊಡುವುದು ವಿವೇಚನೆಗೆ ಬಿಟ್ಟ ಕೆಲಸವಲ್ಲ. ಷರತ್ತು ಪೂರೈಸಿದರೆ ಕೊಡಬೇಕು, ಇಲ್ಲದಿದ್ದರೆ ಕೊಡಬಾರದು, ಅಷ್ಟೇ ಎಂದಿತು. ಕಾನೂನು ಸಂವಿಧಾನಬಾಹಿರ ಎಂದು ಹೇಳಬೇಕಾದದ್ದು ಕೋರ್ಟು, ಕೌಂಟರಿನ ಹಿಂದೆ ಕೂತವರಲ್ಲ. ಅಧಿಕಾರ ಮೀರಿದ್ದಾರೆ ಎಂಬುದರಲ್ಲಿ ಏಳೂ ನ್ಯಾಯಮೂರ್ತಿಗಳು ಒಂದಾಗಿದ್ದರು. ಆದ ಮದುವೆಗಳನ್ನು ಅಸಿಂಧು ಎನ್ನಬೇಕೇ ಎಂಬಲ್ಲಿ ಮಾತ್ರ ಇಬ್ಬರು ಒಪ್ಪಲಿಲ್ಲ. ಅಸಿಂಧುವೇ ಆದವು. ಕೇಳಿದವರಿಗೆ ಶುಲ್ಕ ವಾಪಸ್ ಕೊಡಿ ಎಂದೂ ಆದೇಶವಾಯಿತು. ಮದುವೆಯ ದುಡ್ಡು ಸರ್ಕಾರದಿಂದ ಮರಳಿ ಬರುವುದೆಂದರೆ!

ನನಗೆ ಈ ತೀರ್ಪು ಕಹಿ ಎನಿಸಿದರೂ ಸರಿ ಎನಿಸುತ್ತದೆ. ಮೇಯರ್ ಸೋತರು, ಆದರೆ ಪ್ರಶ್ನೆ ಕೋರ್ಟಿನ ಮೆಟ್ಟಿಲು ಹತ್ತಿತ್ತು. ನಗರ ಮತ್ತು ಜೋಡಿಗಳು ಕಾನೂನನ್ನೇ ಪ್ರಶ್ನಿಸಿ ಹೂಡಿದ ದಾವೆಯಲ್ಲಿ 2008ರ ಮೇ 15ರಂದು 4-3 ಬಹುಮತದಿಂದ ಆ ನಿಷೇಧ ಬಿತ್ತು. ಎರಡೂ ತೀರ್ಪು ಬರೆದವರು ಒಬ್ಬರೇ, ಮುಖ್ಯ ನ್ಯಾಯಮೂರ್ತಿ ರೊನಾಲ್ಡ್ ಜಾರ್ಜ್. ಮಾರ್ಟಿನ್, ಲಿಯಾನ್ ಆ ಜೂನ್‌ನಲ್ಲಿ ಮತ್ತೊಮ್ಮೆ ಮದುವೆಯಾದರು. ಆಗಸ್ಟ್‌ನಲ್ಲಿ ಮಾರ್ಟಿನ್ ತೀರಿಕೊಂಡರು.

ಇದೇ ಅಳತೆಗೋಲು ತಿರುಗಿ ಬಂದದ್ದು ಕೆಂಟಕಿಯಲ್ಲಿ. 2015ರ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟ್ ದೇಶದಾದ್ಯಂತ ಸಲಿಂಗ ವಿವಾಹಕ್ಕೆ ಹಕ್ಕು ಕೊಟ್ಟ ಮೇಲೆ, ರೋವನ್ ಕೌಂಟಿಯ ಕ್ಲರ್ಕ್ ಕಿಮ್ ಡೇವಿಸ್ ತಮ್ಮ ಧರ್ಮ ಒಪ್ಪದೆಂದು ಯಾರಿಗೂ ಲೈಸೆನ್ಸ್ ಕೊಡದೆ ಕೂತರು. ನ್ಯಾಯಾಂಗ ನಿಂದನೆಗಾಗಿ ಐದು ರಾತ್ರಿ ಜೈಲಿನಲ್ಲಿ ಕಳೆಯಬೇಕಾಯಿತು. ಅಷ್ಟರಲ್ಲಿ ಅವರ ಕೈಕೆಳಗಿನವರೇ ಲೈಸೆನ್ಸ್ ಕೊಟ್ಟರು. ಮರುವರ್ಷ ಕೆಂಟಕಿ ಶಾಸನಸಭೆ ನಮೂನೆಯಿಂದ ಕ್ಲರ್ಕ್ ಹೆಸರನ್ನೇ ತೆಗೆಯಿತು.

ಅಲಬಾಮಾ ಇನ್ನೂ ಮುಂದೆ ಹೋಗಿ 2019ರಲ್ಲಿ ಲೈಸೆನ್ಸ್ ಪದ್ಧತಿಯನ್ನೇ ಕೈಬಿಟ್ಟಿತು. ಈಗ ಅಲ್ಲಿ ಜೋಡಿಯೇ ನಮೂನೆ ತುಂಬಿ, ನೋಟರಿ ಮುಂದೆ ಸಹಿ ಮಾಡಿ ತಂದು ಕೊಡುತ್ತದೆ. ಪ್ರೊಬೇಟ್ ನ್ಯಾಯಾಧೀಶರು ದಾಖಲಿಸಿಕೊಳ್ಳುತ್ತಾರೆ.