ಹಸಿರು ಬೀಗದ ಭಕ್ತರು

ಸೈಬರ್ ಜಾಗೃತಿಯ ಕರಪತ್ರವಿರಲಿ, ಅಪಾರ್ಟ್‌ಮೆಂಟ್ ಗ್ರೂಪಿಗೆ ಬೆಳಗ್ಗೆ ಬರುವ ಫಾರ್ವರ್ಡ್ ಇರಲಿ, ಮಂತ್ರ ಒಂದೇ: ‘ವಿಳಾಸದ ಪಕ್ಕ ಹಸಿರು ಬೀಗ ಇದ್ದರೆ ಆ ಸೈಟು ಸುರಕ್ಷಿತ.’ ಕ್ರೋಮ್‌ನಲ್ಲಿ ಬೀಗದ ಹಸಿರು ಬಣ್ಣ ಹೋಗಿದ್ದು 2018ರಲ್ಲಿ. ಬೀಗವೇ ಹೋಗಿದ್ದು 2023ರಲ್ಲಿ. ಈಗ ಅಲ್ಲಿರುವುದು ಎರಡು ಗೆರೆ, ಎರಡು ಗುಂಡಿಯ ಒಂದು ಚಿಹ್ನೆ. ಮಂತ್ರ ಮಾತ್ರ ಅಳಿದಿಲ್ಲ.

ಗೂಗಲ್ ಬೀಗವನ್ನು ತೆಗೆದಿದ್ದಕ್ಕೆ ಕಾರಣವೂ ಈ ಭಕ್ತಿಯೇ. 2021ರಲ್ಲಿ ಅವರು ಅಧ್ಯಯನ ಮಾಡಿದಾಗ ಬೀಗದ ಅರ್ಥ ಸರಿಯಾಗಿ ಗೊತ್ತಿದ್ದವರು ಶೇ 11 ಮಂದಿ ಮಾತ್ರ. ಅರ್ಥವೇನೋ ಸರಳ. ನಿಮ್ಮ ಫೋನಿನಿಂದ ಆ ಸರ್ವರಿನವರೆಗೆ ಹೋಗುವ ಮಾಹಿತಿಯನ್ನು ನಡುವೆ ಇರುವವರು ಓದಲಾರರು, ತಿದ್ದಲಾರರು. ಅಷ್ಟೇ. ಆ ತುದಿಯಲ್ಲಿ ಕೂತವನು ಕಳ್ಳನಾದರೆ ನಿಮ್ಮ ಪಾಸ್‌ವರ್ಡ್ ಯಾರ ಕೈಗೂ ಸಿಗದಂತೆ ಭದ್ರವಾಗಿ ಅವನಿಗೇ ತಲುಪುತ್ತದೆ!

ಒಂದು ಕಾಲದಲ್ಲಿ ಬೀಗದ ಮಂತ್ರಕ್ಕೆ ಸ್ವಲ್ಪವಾದರೂ ಬೆಲೆಯಿತ್ತು. ಬೀಗಕ್ಕೆ ಬೇಕಾದ ಪ್ರಮಾಣಪತ್ರ ಪಡೆಯಲು ದುಡ್ಡು ಕೊಡಬೇಕಿತ್ತು, ಮೋಸಗಾರರು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. 2015ರಿಂದ ‘ಲೆಟ್ಸ್ ಎನ್‌ಕ್ರಿಪ್ಟ್’ ಸಂಸ್ಥೆ ಅದನ್ನು ಬಿಟ್ಟಿಯಾಗಿ, ಕೆಲವೇ ನಿಮಿಷದಲ್ಲಿ ಕೊಡುತ್ತಿದೆ. ಒಳ್ಳೆಯ ಕೆಲಸವೇ, ಇಡೀ ಜಾಲಕ್ಕೆ ಅದರಿಂದ ಲಾಭವಾಗಿದೆ. ಆದರೆ ಅದು ಪರೀಕ್ಷಿಸುವುದು ಈ ವಿಳಾಸ ನಿಮ್ಮ ಹಿಡಿತದಲ್ಲಿದೆಯೇ ಎಂದು, ನೀವು ಸಂಭಾವಿತರೇ ಎಂದಲ್ಲ. ಬೀಗ ನಂಬಿ ಕೆಡಬೇಡಿ ಎಂದು ಅಮೆರಿಕದ ಎಫ್‌ಬಿಐ 2019ರಲ್ಲೇ ಎಚ್ಚರಿಸಿತ್ತು.

ಹಾಗಾದರೆ ನೋಡಬೇಕಾದ್ದೇನು? ವಿಳಾಸವನ್ನೇ, ಅದೂ ಹಿಂದಿನಿಂದ. ‘ನಿಮ್ಮ ಕೆವೈಸಿ ಅವಧಿ ಮುಗಿದಿದೆ, ಇಂದೇ ಖಾತೆ ಬಂದ್’ ಎಂಬ ಮೆಸೇಜಿನ ಲಿಂಕಿನಲ್ಲಿ ಮೊದಲು ಬ್ಯಾಂಕಿನ ಹೆಸರು, ಆಮೇಲೆ ಡಾಟ್, ಆಮೇಲೆ ‘ಕೆವೈಸಿ-ಅಪ್‌ಡೇಟ್’, ಕೊನೆಗೆ ಡಾಟ್ ಎಕ್ಸ್‌ವೈಝಡ್ ಇದೆ ಎನ್ನಿ. ಕಣ್ಣು ಬೀಳುವುದು ಎಡಕ್ಕೆ, ಬ್ಯಾಂಕಿನ ಹೆಸರಿನ ಮೇಲೆ. ಆ ಜಾಗದಲ್ಲಿ ಯಾರು ಬೇಕಾದರೂ ಯಾರ ಹೆಸರನ್ನಾದರೂ ಬರೆದುಕೊಳ್ಳಬಹುದು, ಅದಕ್ಕೆ ಖರ್ಚೂ ಇಲ್ಲ. ಆರಂಭದ ಜೋಡಿ ಓರೆಗೆರೆ (//) ದಾಟಿದ ಮೇಲೆ ಸಿಗುವ ಮೊದಲ ಒಂಟಿ ಓರೆಗೆರೆಯ (/) ಎಡಕ್ಕೇ ತಾಗಿಕೊಂಡು ಏನಿದೆಯೋ ಅದು ಯಜಮಾನನ ಗುರುತು. ಇಲ್ಲಿ ಯಜಮಾನ ‘ಕೆವೈಸಿ-ಅಪ್‌ಡೇಟ್ ಡಾಟ್ ಎಕ್ಸ್‌ವೈಝಡ್’, ನಿಮ್ಮ ಬ್ಯಾಂಕಲ್ಲ. ಈ ಗೋಜು ತಪ್ಪಿಸಲೆಂದೇ ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೂ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬರಲು 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತು. ಬ್ಯಾಂಕಲ್ಲದವರಿಗೆ ಆ ಬಾಲ ಸಿಗುವುದಿಲ್ಲ. ಅದಕ್ಕಿಂತ ಸುಲಭದ್ದೂ ಇದೆ: ಮೆಸೇಜಿನ ಲಿಂಕನ್ನು ಒತ್ತಲೇಬೇಡಿ, ವಿಳಾಸ ನೀವೇ ಟೈಪ್ ಮಾಡಿ.

ಉಳಿದ ನಂಬಿಕೆಗಳಿಗೆ ಇಷ್ಟು ತಾಳ್ಮೆ ನನಗಿಲ್ಲ. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿ ನಿಮ್ಮ ಓಡಾಟವನ್ನು ಮುಚ್ಚಿಡುವುದು ನಿಮ್ಮ ಫೋನನ್ನು ಆಮೇಲೆ ಕೈಗೆತ್ತಿಕೊಳ್ಳುವ ಮನೆಯವರಿಂದ. ಇಂಟರ್ನೆಟ್ ಕಂಪನಿ, ಆಫೀಸಿನ ವೈಫೈ, ನೀವು ಹೋದ ಸೈಟು, ಯಾರಿಂದಲೂ ಅಲ್ಲ. ಆ ಕಿಟಕಿ ತೆರೆದ ಕೂಡಲೇ ಕ್ರೋಮ್ ಇದನ್ನು ತಾನೇ ಬರೆದು ತೋರಿಸುತ್ತದೆ, ಓದುವವರಿಲ್ಲ. ಬಿಟ್ಟಿ ವಿಪಿಎನ್ ಹಾಕಿಕೊಂಡರೆ ನಿಮ್ಮ ಮೇಲೆ ಕಣ್ಣಿಡಬಲ್ಲವರು ಬದಲಾಗುತ್ತಾರೆ, ಇಲ್ಲವಾಗುವುದಿಲ್ಲ. ‘ಫೋನಿಗೆ ವೈರಸ್ ಬರಲ್ಲ’ ಎನ್ನುವವರು ಟ್ರಾಫಿಕ್ ಚಲನ್ ಹೆಸರಿನಲ್ಲಿ ವಾಟ್ಸ್ಯಾಪಿಗೆ ಬರುವ, ಒತ್ತಿದರೆ ಕಳ್ಳ ಆ್ಯಪ್ ಆಗಿ ಕೂರುವ ಎಪಿಕೆ ಫೈಲನ್ನು ಒಮ್ಮೆ ನೆನೆಯಲಿ.

ನಮಗೆ ಚಿಹ್ನೆ ಕಂಡರೆ ಸಾಕು, ಕೈ ಮುಗಿಯುತ್ತೇವೆ. ನೀಲಿ ಟಿಕ್ ತಿಂಗಳ ಬಾಡಿಗೆಗೆ ಸಿಗುವ ಕಾಲದಲ್ಲೂ ಅದು ಪ್ರಾಮಾಣಿಕತೆಯ ಸರ್ಟಿಫಿಕೇಟು. ‘ನೂರಕ್ಕೆ ನೂರು ಸುರಕ್ಷಿತ’ ಎಂಬ ಬಿಲ್ಲೆಯನ್ನು ಸೈಟಿನವನೇ ಅಂಟಿಸಿಕೊಂಡಿದ್ದರೂ ಅನುಮಾನ ಬರುವುದಿಲ್ಲ. ವಿಡಿಯೊ ಕಾಲ್‌ನಲ್ಲಿ ಖಾಕಿ ಅಂಗಿ ಕಂಡರಂತೂ ಇಂಜಿನಿಯರು, ಡಾಕ್ಟರು ಎನ್ನದೆ ಬಾಗಿಲು ಹಾಕಿಕೊಂಡು ಕೂರುತ್ತಾರೆ. ಹೀಗೆ ಹೆದರಿಸಿ ಕೂರಿಸುವ ‘ಡಿಜಿಟಲ್ ಅರೆಸ್ಟ್’ ಎಂಬುದು ಕಾನೂನಿನಲ್ಲೇ ಇಲ್ಲ ಎಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ‘ಮನ್ ಕಿ ಬಾತ್’ನಲ್ಲಿ ಹೇಳಬೇಕಾಯಿತು. ದುಡ್ಡು ಹೋಗಿಬಿಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆಗಿಂದಾಗಲೇ ಫೋನ್ ಮಾಡಿ, ಸಂಜೆ ಮಗ ಬರಲಿ ಎಂದು ಕಾಯಬೇಡಿ. ಅಷ್ಟರಲ್ಲಿ ಅದು ನಾಲ್ಕಾರು ಖಾತೆ ದಾಟಿರುತ್ತದೆ.