ಫೋನಿನಲ್ಲಿರುವ ರೈತನ ಗುಟ್ಟು



ಬೈಲಹೊಂಗಲದ ಪೇಟೆಗೆ ಹತ್ತಿ ತಂದ ರೈತನಿಗೆ ಸಾಲವೆಷ್ಟು, ಹಣದ ಅಡಚಣಿ ಎಷ್ಟು ಎಂಬುದು ಕೊಳ್ಳುವವನಿಗೆ ಮೊದಲೇ ತಿಳಿದಿದ್ದರೆ ದರ ಎತ್ತ ವಾಲುವುದೆಂದು ಬೇರೆ ಹೇಳಬೇಕಾಗಿಲ್ಲ. ಅದಕ್ಕೆಂದೇ ನಮ್ಮವರು ಮನೆಯ ಲೆಕ್ಕವನ್ನು ಕಟ್ಟೆಯ ಮೇಲೆ ಆಡುವುದಿಲ್ಲ. ಆದರೆ ಕಿಸೆಯಲ್ಲಿಯ ಫೋನು ಅಷ್ಟು ಬಾಯಿಬಿಗಿಯದಲ್ಲ.

ಕಿತ್ತೂರು, ಸವದತ್ತಿ, ರಾಮದುರ್ಗಗಳ ಹಳ್ಳಿಗಳಲ್ಲಿಯೂ ಮಳೆ, ಬಿತ್ತನೆ, ದರದ ಸುದ್ದಿ ಈಗ ವಾಟ್ಸಾಪಿನಲ್ಲಿಯೇ. ಅದು ಉಪಯುಕ್ತವಾದುದು, ಬಿಡಿರೆಂದು ಹೇಳುವುದಿಲ್ಲ. ನೀವು ಬರೆದ ಮಾತನ್ನು ಕಂಪನಿಯು ಓದಲಾರದು. ಆದರೆ ನಿಮ್ಮ ನಂಬರು, ನೀವಿರುವ ಗುಂಪುಗಳು, ಬಳಸುವ ಹೊತ್ತು, ಅನುಮತಿ ಕೊಟ್ಟಿದ್ದರೆ ಬೀಗರು-ನೆಂಟರ ನಂಬರುಗಳು ಸಹ ಅದಕ್ಕೆ ಸಿಗುತ್ತವೆ. ಪಾಕೀಟು ಒಡೆಯದಿದ್ದರೂ ಯಾರ ಕಾಗದ ಯಾರಿಗೆ ಹೋಯಿತೆಂದು ಟಪಾಲಿನವನು ಅರಿಯುವುದಿಲ್ಲವೇ? ಹಾಗೆ.

2014ರಲ್ಲಿ ಫೇಸ್‌ಬುಕ್ ಕಂಪನಿಯು ವಾಟ್ಸಾಪನ್ನು ಕೊಂಡಿತು. ಈಗ ಆ ಕಂಪನಿಯ ಹೆಸರು ಮೆಟಾ. ಯಾರಿಗೆ ಯಾವ ಜಾಹೀರಾತು ತೋರಿಸಬೇಕೆಂಬುದೇ ಅದರ ಗಳಿಕೆಯ ಮೂಲ. 2016ರಲ್ಲಿ ಇದಕ್ಕಾಗಿ ಮಾಹಿತಿ ಹಂಚುವುದು ಬೇಡವೆನ್ನಲು ಬಳಕೆದಾರರಿಗೆ ಒಂದು ಅವಕಾಶವಿತ್ತು. 2021ರಲ್ಲಿ ಅದೂ ಉಳಿಯಲಿಲ್ಲ: ಒಪ್ಪು, ಇಲ್ಲವೆ ಬಿಡು. ಊರೆಲ್ಲ ಅಲ್ಲಿಯೇ ಇರುವಾಗ ಒಬ್ಬ ರೈತ ಬಿಟ್ಟು ಹೋಗುವುದೆಲ್ಲಿಗೆ? ಇದು ಪ್ರಾಬಲ್ಯದ ದುರುಪಯೋಗವೆಂದು ಭಾರತೀಯ ಸ್ಪರ್ಧಾ ಆಯೋಗವು 2024ರ ನವೆಂಬರದಲ್ಲಿ ಮೆಟಾಕ್ಕೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಮರುವರ್ಷ ಮೇಲ್ಮನವಿ ನ್ಯಾಯಮಂಡಳಿಯೂ ದಂಡವನ್ನು ಎತ್ತಿಹಿಡಿಯಿತು.

ಗುಟ್ಟು ಕಾಯುವುದು ಉಳ್ಳವರ ಚಿಂತೆಯೆಂದು ನಗುವವರುಂಟು. ಅದು ಪ್ರತಿಯೊಬ್ಬರ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರು 24-8-2017ರಂದು ಒಮ್ಮತದಿಂದ ತೀರ್ಪಿತ್ತರು. ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು.

2023ರ ಕಾಯಿದೆಯಂತೆ ಕಂಪನಿಯು ಒಪ್ಪಿಗೆ ಕೇಳುವಾಗ ಯಾವ ಮಾಹಿತಿ, ಯಾವ ಕೆಲಸಕ್ಕೆ ಎಂದು ತಿಳಿಸತಕ್ಕದ್ದು. ಅದನ್ನು ಕನ್ನಡದಲ್ಲಿ ಓದುವ ಅನುಕೂಲವನ್ನೂ ಮಾಡಿಕೊಡತಕ್ಕದ್ದು. ಕೊಟ್ಟ ಒಪ್ಪಿಗೆಯನ್ನು ನೀವು ಹಿಂದಕ್ಕೆ ಪಡೆಯಬಹುದು. ನಿಯಮಗಳು 2025ರ ನವೆಂಬರದಲ್ಲಿ ಪ್ರಕಟವಾದವು. ಈ ಕಲಮುಗಳ ಜಾರಿಗೆ ಅಲ್ಲಿಂದ 18 ತಿಂಗಳ ಅವಧಿ ಗೊತ್ತುಮಾಡಲಾಗಿದೆ.

ಅದರ ದಾರಿ ಕಾಯದೆ ಮಾಡತಕ್ಕ ಕೆಲಸವೂ ಇದೆ. ಫೋನಿನ ಸೆಟ್ಟಿಂಗಿನಲ್ಲಿ ಆಪ್‌ಗಳ ಅನುಮತಿಯನ್ನು ನೋಡಿರಿ. ಶಾಲೆಗೆ ಹೋಗುವ ಮಕ್ಕಳು ತೋರಿಸಿಕೊಟ್ಟಾರು. ದರ ತಿಳಿಸುವ ಆಪ್‌ಗೆ ನಿಮ್ಮ ನೆಂಟರ ನಂಬರು ಏತಕ್ಕೆ? ಬೇಡಾದುದನ್ನು ತೆಗೆಯಿರಿ. ಉತಾರ, ಪಾಸ್‌ಬುಕ್ಕುಗಳ ಫೋಟೋವನ್ನು ಗುಂಪಿಗೆ ಹಾಕಬೇಡಿರಿ. ಆಧಾರದ ಮೊದಲ 8 ಅಂಕಿ ಮರೆಮಾಡಿದ ಪ್ರತಿಯು ಆಧಾರದ ಜಾಲತಾಣದಲ್ಲಿಯೇ ಸಿಗುತ್ತದೆ. ಪೂರ್ಣ ನಂಬರು ಬೇಡವಾದಲ್ಲಿ ಅದನ್ನೇ ಕೊಡಿರಿ.